ಮೋತ್ಯಾನಿಗೊಂದು ತಿದ್ದುಪಡಿ

ಕಳೆದ ತಿಂಗಳು ಬಸವನ ಬಾಗೇವಾಡಿಯಿಂದ ನಮ್ಮ ಪತ್ರಿಕೆಯ ಡೆಸ್ಕಿಗೆ ಒಂದು ನಿಧನ ವಾರ್ತೆ ಬಂತು. ನಾಲ್ಕು ಸಾಲಿನದು. ಮೃತರ ಹೆಸರಿನ ಮುಂದೆ 'ಡಾ.' ಎಂದಿತ್ತು. ನಾನು ಅದನ್ನು ಹೊಡೆದು ಹಾಕಿದೆ. ಸುದ್ದಿ ಕಳಿಸಿದ ವರದಿಗಾರರು ಸ್ವಲ್ಪ ಹೊತ್ತಿನಲ್ಲೇ ಫೋನ್ ಮಾಡಿದರು.

"ಸರ, ಊರ ಮಂದಿ ಎಲ್ಲಾ ಅವರಿಗೆ ಡಾಕ್ಟರ್ ಅಂತಿದ್ರರಿ."

"ಅಂತಿದ್ರು. ಆದ್ರ ಅವರು ಡಾಕ್ಟರ್ ಅಲ್ಲ, ಪಶು ಪರೀಕ್ಷಕರು. ಹಂಗ ಹೋಗಲಿ."

"ಮನಿಯವ್ರು ಬ್ಯಾಸರಾ ಮಾಡ್ಕೊಂಡ್ರ?"

"ಡಾಕ್ಟರ್ ಅಂತ ಹಾಕಿದ್ರ ಸತ್ತವರೇ ಬ್ಯಾಸರಾ ಮಾಡ್ಕೋತಾರ."

ಸುದ್ದಿ ನಾಲ್ಕು ಸಾಲಿನಲ್ಲೇ ಪ್ರಕಟವಾಯಿತು. ಅದರಲ್ಲಿ ಬರದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಅವರಿಗೆ ಸೇರುತ್ತಿರಲಿಲ್ಲ. ನಾನು ಕಂಡಂತೆ ಒಂದೇ ಒಂದು ಸಲ ಅವರು ಒಂದು ಹೆಸರು ಅಚ್ಚಾಗಲೇಬೇಕೆಂದು ಹಟ ಹಿಡಿದು ಕೂತಿದ್ದರು. ಅದು ಒಂದು ನಾಯಿಯ ಹೆಸರು.

ಅವರು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಕೆಲಸಕ್ಕೆ ಸೇರಿ, ಮುದ್ದೇಬಿಹಾಳ, ಬಾಗೇವಾಡಿ ಸುತ್ತಿ, ಸಿಂದಗಿಯಲ್ಲಿ ನಿವೃತ್ತರಾದರು. ದನದ ದವಾಖಾನೆಯಲ್ಲಿ ಲಸಿಕೆ ಹಾಕುವುದು, ಗಾಯ ತೊಳೆದು ಕಟ್ಟುವುದು, ಹಳ್ಳಿ ಹಳ್ಳಿಗೆ ಹೋಗಿ ದನಕರು ನೋಡುವುದು ಅವರ ಕೆಲಸ. ಯಾರಾದರೂ "ಡಾಕ್ಟರ್ ಸಾಹೇಬ್ರ" ಎಂದು ಕರೆದರೆ ಕೆಲಸ ನಿಲ್ಲಿಸಿ, "ಡಾಕ್ಟರ್ ಒಳಗ ಅದಾರ್ರಿ, ನಾ ಇನ್‌ಸ್ಪೆಕ್ಟರ್" ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಹೇಳಬೇಕಾಗಿ ಬಂದರೂ ಹತ್ತು ಸಲವೂ ಹೇಳುತ್ತಿದ್ದರು. ಒಬ್ಬ ಮುದುಕ, "ಇನ್‌ಸ್ಪೆಕ್ಟರ್ ಅಂದ್ರ ಪೊಲೀಸರಲ್ಲೇನೋ ತಮ್ಮಾ? ನನ್ನ ಎಮ್ಮಿ ಏನ್ ತಪ್ಪ ಮಾಡೈತಿ?" ಎಂದು ಕೇಳಿದ್ದನ್ನು ಅವರೇ ನಗುತ್ತ ಹೇಳುತ್ತಿದ್ದರು.

ಯಾವ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಜನರನ್ನಲ್ಲ. ಹಿತ್ತಲಿಗೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಕೋಳಿಯೋ ಕರುವೋ ನಾಯಿಯೋ ಯಾವುದಿದೆಯೋ ಅದರ ಕಣ್ಣಿನ ಮಟ್ಟಕ್ಕೆ ತಮ್ಮ ಮುಖ ತರುತ್ತಿದ್ದರು. "ಏನವಾ, ಆರಾಮ?" ಎಂದು ಕೇಳಿ, ಉತ್ತರ ಬರುತ್ತದೆ ಎಂಬಂತೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ಚಹಾ. ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಊದದೆ, ತಾನಾಗಿ ಆರುವವರೆಗೆ ಕಾಯ್ದು ಕುಡಿಯುತ್ತಿದ್ದರು.

ಇಲಾಖೆಯಲ್ಲಿ ಎತ್ತು, ಎಮ್ಮೆಗಳಿಗೆ ಇರುವ ಮರ್ಯಾದೆ ಕೋಳಿಗೆ ಇಲ್ಲ. ಅವರಿಗೆ ಮಾತ್ರ ಕೋಳಿಯೇ ಹೆಚ್ಚು. ಹಳ್ಳಿಯ ಮಹಿಳಾ ಸಂಘಗಳಿಗೆ ಕೋಳಿಮರಿ ಹಂಚುತ್ತಿದ್ದ ಕಾಲದಲ್ಲಿ ಅವರು ಒಂದು ಸಂಗತಿ ಗಮನಿಸಿದ್ದರು. ಮರಿ ಸಾಯುವುದು ರೋಗದಿಂದಷ್ಟೇ ಅಲ್ಲ. ಮೊದಲ ವಾರದಲ್ಲೇ ಮನೆಯ ನಾಯಿ, ಮನೆಯ ಬೆಕ್ಕು ಅರ್ಧ ಮುಗಿಸಿಬಿಡುತ್ತಿದ್ದವು. ಆಗ ಮನೆಯವರು ನಾಯಿಯನ್ನು ಬಡಿದು ಓಡಿಸುತ್ತಿದ್ದರು, ಇಲ್ಲವೇ ಕೋಳಿಯ ಸಹವಾಸ ಸಾಕೆನ್ನುತ್ತಿದ್ದರು. ನಾಯಿ ಹೋದ ಮನೆಗೆ ಹೊರಗಿನ ಪ್ರಾಣಿಗಳು ಬಂದು ಉಳಿದರ್ಧವನ್ನು ಮುಗಿಸುತ್ತಿದ್ದವು. "ಒಂದ್ ಮನ್ಯಾಗ ಇರೂ ಮಂದಿಗೆ ಪರಿಚಯ ಮಾಡಿಸಬೇಕಲ್ಲರಿ? ನಾವು ಮಾಡ್ಸೂದಿಲ್ಲ, ಬೈತೇವಿ" ಎನ್ನುವುದು ಅವರ ಮಾತು.

ಪರಿಚಯ ಮಾಡಿಸುವ ಕ್ರಮ ಹೀಗಿತ್ತು. ನಾಯಿ ಮರಿಯಾಗಿದ್ದಾಗಲೇ, ಮರಿ ಹಾಕಿಕೊಂಡ ಹೇಟೆಯನ್ನು, ಅಂದರೆ ತಾಯಿಕೋಳಿಯನ್ನು, ಬುಟ್ಟಿಯ ಕೆಳಗೆ ಮುಚ್ಚುವುದು. ನಾಯಿಮರಿಯನ್ನು ಬುಟ್ಟಿಯಿಂದ ಒಂದು ಮೊಳ ದೂರದಲ್ಲಿ ಕಟ್ಟುವುದು. ಎರಡಕ್ಕೂ ಒಂದೇ ಹೊತ್ತಿಗೆ ಊಟ: ಅದಕ್ಕೆ ನುಚ್ಚು, ಇದಕ್ಕೆ ರೊಟ್ಟಿ. ಎರಡು ದಿನ ಹೀಗೆ. ಮೂರನೆಯ ದಿನ ಬುಟ್ಟಿ ಎತ್ತಿಬಿಡುವುದು. ನಾಯಿಮರಿ ಆಟಕ್ಕೆಂದು ಹತ್ತಿರ ಹೋಗುತ್ತದೆ. ತಾಯಿ ಹೇಟೆ ರೆಕ್ಕೆ ಬಿಚ್ಚಿ ಹಾರಿ ಬಂದು ಅದರ ಮೂಗಿಗೆ ಒಂದು ಕುಟುಕುತ್ತದೆ. ಅಲ್ಲಿಗೆ ಪಾಠ ಮುಗಿಯಿತು. "ಸಣ್ಣಂದಿನಾಗ ಹೇಟಿ ಕಡೆ ಮೂಗಿಗೆ ಹೊಡಿಸ್ಕೊಂಡ ನಾಯಿ ಆ ಮನಿ ಕೋಳಿ ಸುದ್ದಿಗೆ ಹೋಗಂಗಿಲ್ಲ. ನೀವು ನಡುವ ಹೋಗಬ್ಯಾಡ್ರಿ. ನಾಯಿ ಅತ್ತರ ಅಳಲಿ." ಅವರು ಕಲಿಸಿದ ನಾಯಿಗಳಲ್ಲಿ ಕೆಲವಕ್ಕೆ ಮೂಗಿನ ಮೇಲೆ ಜೋಳದ ಕಾಳಿನಷ್ಟು ಕಲೆ ಉಳಿದಿರುತ್ತಿತ್ತು.

ಬೆಕ್ಕಿನ ವಿಷಯದಲ್ಲಿ ಅವರಿಗೆ ಇಂಥ ಭರವಸೆ ಇರಲಿಲ್ಲ. ನಾಲತವಾಡದಲ್ಲಿ ಒಬ್ಬ ಶಿಕ್ಷಕರ ಮನೆ. ದಿನಕ್ಕೊಂದು ಕೋಳಿಮರಿ ಕಾಣೆಯಾಗುತ್ತಿತ್ತು. ಮನೆಯೊಡತಿ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಮ್ಮ ಬೆಕ್ಕು ಅಂಥಾದ್ದಲ್ರಿ, ಮರಿಗೋಳ ಕಡೆ ಭಾಳ ಪ್ರೀತಿಲೆ ನೋಡ್ತೈತಿ" ಎಂದರಂತೆ. ಇವರು, "ಪ್ರೀತಿ ಐತ್ರಿ ಅಕ್ಕಾರ, ನನಗೂ ಕಾಣಾಕತ್ತೈತಿ" ಎಂದು ಬೆಕ್ಕಿನ ಮೀಸೆಗೆ ಅಂಟಿದ್ದ ಹಳದಿ ತುಪ್ಪುಳವನ್ನು ಬೆರಳಿನಿಂದ ತೆಗೆದು ತೋರಿಸಿದರಂತೆ. ಅವರ ಸಲಹೆ ಸರಳ. ಮರಿ ಪಾರಿವಾಳದ ಗಾತ್ರಕ್ಕೆ ಬರುವವರೆಗೆ ಬುಟ್ಟಿಯ ಕೆಳಗಿರಲಿ, ಬುಟ್ಟಿಯ ಮೇಲೊಂದು ಕಲ್ಲಿರಲಿ. ಅಲ್ಲಿಂದಾಚೆ ಬೆಕ್ಕೇ ಕೋಳಿಗೆ ಅಂಜುತ್ತದೆ. ಆರು ತಿಂಗಳ ನಂತರ ಅದೇ ಮನೆಯಲ್ಲಿ, ಬಿಸಿಲಿಗೆ ಮಲಗಿದ್ದ ಆ ಬೆಕ್ಕನ್ನು ಒಂದು ಹುಂಜ ಎಬ್ಬಿಸಿ ಕಳಿಸಿ ಆ ಜಾಗದಲ್ಲಿ ತಾನು ನಿಂತದ್ದನ್ನು ನೋಡಿ ಬಂದಿದ್ದರು.

ನನಗೆ ಅವರ ಪರಿಚಯವಾದದ್ದು ನನ್ನ ತಪ್ಪಿನಿಂದ. ಆಗ ನಾನು ಸಿಂದಗಿ ವರದಿಗಾರ. ದೇವರ ಹಿಪ್ಪರಗಿ ಕಡೆಯ ಒಂದು ಹಳ್ಳಿಯಿಂದ ಒಂದು ಬೆಳಿಗ್ಗೆ ಫೋನ್ ಬಂತು. ರೈತರೊಬ್ಬರ ಆರು ಕೋಳಿ ಸತ್ತಿವೆ, ಪಕ್ಕದ ಮನೆಯ ನಾಯಿ ಕೊಂದಿದೆ, ನಾಯಿಯ ಬಾಯಿಗೆ ರಕ್ತ ಹತ್ತಿದ್ದನ್ನು ಜನ ನೋಡಿದ್ದಾರೆ. ನಾನು ಹೋಗಿ ನೋಡಲಿಲ್ಲ. 'ಸಾಕುನಾಯಿ ದಾಳಿ: ಆರು ಕೋಳಿ ಸಾವು' ಎಂದು ಮೂರು ಸಾಲು ಕಳಿಸಿದೆ. ಮರುದಿನ ಪ್ರಕಟವಾಯಿತು.

ಅಂದೇ ಮಧ್ಯಾಹ್ನ ಪತ್ರಿಕೆಯನ್ನು ಕಂಕುಳಲ್ಲಿ ಹಿಡಿದು ಒಬ್ಬರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಇದನ್ನ ಬರದಾವ್ರು ನೀವೇನ್ರಿ?"

"ಹೌದ್ರಿ."

"ನಾಯಿ ನೋಡೀರೇನು?"

"ಇಲ್ಲ."

"ಕೋಳಿ?"

"ಇಲ್ರಿ."

"ನಡೀರಿ, ನೋಡೂಣು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಅವರ ಮೋಪೆಡ್ಡಿನ ಹಿಂದೆ ಕೂತು ಹೋದೆ. ದಾರಿಯಲ್ಲಿ ವಿಷಯ ಹೇಳಿದರು. ನಾಯಿಯ ಹೆಸರು ಮೋತ್ಯಾ. ಅದರ ಒಡತಿ ಊರ ಕೊನೆಯ ಮನೆಯಾಕೆ. ಕೋಳಿ ಸಾಕಿ ಹಿಪ್ಪರಗಿ ಸಂತೆಯಲ್ಲಿ ತತ್ತಿ ಮಾರಿ ಬದುಕುವವಳು. ಮನೆಯ ಹಿಂದೆ ಬರೀ ಹೊಲ. ಮೋತ್ಯಾ ಇಲ್ಲದಿದ್ದರೆ ಅವಳು ಕೋಳಿ ಸಾಕುವುದು ಆಗದ ಮಾತು. ಮೋತ್ಯಾನಿಗೆ ಮೂಗಿನ ಪಾಠ ಮಾಡಿಸಿದವರು ಇವರೇ. ಈಗ ಊರಿನವರು ನನ್ನ ಮೂರು ಸಾಲನ್ನು ಕತ್ತರಿಸಿ ಇಟ್ಟುಕೊಂಡು, ನಾಯಿಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಹೋಗಿ ಭೀಮಾ ಹೊಳೆಯ ಆಚೆ ಬಿಟ್ಟು ಬರುವುದೆಂದು ತೀರ್ಮಾನಿಸಿದ್ದಾರೆ.

ನಾವು ಹೋದಾಗ ಬೇವಿನ ಮರದ ಕಟ್ಟೆಯ ಸುತ್ತ ಜನ ಸೇರಿದ್ದರು. ಅಷ್ಟರಲ್ಲಿ ಊರಿನವರು ತಮ್ಮದೇ ಒಂದು ಪರೀಕ್ಷೆ ಮುಗಿಸಿದ್ದರು: ಸತ್ತ ಕೋಳಿಯೊಂದನ್ನು ಮೋತ್ಯಾನ ಮುಂದೆ ಒಗೆದಿದ್ದರು. ಮೋತ್ಯಾ ಅದನ್ನು ಮೂಸಿ ನೆಕ್ಕಿತ್ತು. ತಪ್ಪು ಸಾಬೀತಾಗಿತ್ತು.

"ಸತ್ತದ್ದು ಮುಂದ ಬಿದ್ರ ಯಾವ ನಾಯಿ ಮೂಸಂಗಿಲ್ಲೋ ಮಾರಾಯಾ?" ಎಂದರು ಇವರು.

ಗುಂಪಿನಲ್ಲಿದ್ದ ಒಬ್ಬನಿಗೆ ಇನ್ನೊಂದು ಉಪಾಯ ಹೊಳೆಯಿತು. "ಹಂಗಾರ ಜೀವಂತ ಕೋಳಿ ತರ್ತೇವ್ರಿ. ಮುಂದ ಬಿಡೂಣು. ಮುಟ್ಟಲಿಲ್ಲ ಅಂದ್ರ ಅದರದ್ದು ತಪ್ಪಿಲ್ಲ."

ನಾಯಿಯ ಒಡತಿಯ ಕಣ್ಣು ಅರಳಿತು. "ತರ್ರಿ! ನಮ್ಮ ಮೋತ್ಯಾ ಮುಟ್ಟಿದ್ರ ನಾನ ಹೊಳಿಗೆ ಒಯ್ತೇನಿ."

ಅವರು ಕೈ ಅಡ್ಡ ಹಿಡಿದರು. "ಬ್ಯಾಡವಾ. ಇಷ್ಟು ಮಂದಿ ನಡುವ ನಾಯಿ ಇವತ್ತ ಸುಮ್ನ ಕುಂತ್ರ, ನಿನ್ನೆ ನಸಿಕಿನ್ಯಾಗೂ ಸುಮ್ನ ಇತ್ತು ಅಂತ ಹೆಂಗ ಆಗ್ತೈತಿ? ಅದು ಪುರಾವೆ ಅಲ್ಲ."

ಅವಳ ಮುಖ ಇಳಿದುಹೋಯಿತು. ತನ್ನ ಕಡೆಯ ಮನುಷ್ಯ ಎಂದು ನಂಬಿದವರು ಕೈಗೆ ಬಂದದ್ದನ್ನು ತಪ್ಪಿಸಿದ್ದರು. ನಾನು ಬರೆದುಕೊಳ್ಳಲು ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದದ್ದು ಆಗ.

ಅವರು ಕೋಳಿ ಸತ್ತ ಮನೆಗೆ ಹೋದರು. ತೊಗರಿ ಕಟ್ಟಿಗೆ ಹೆಣೆದು ಮಣ್ಣು ಮೆತ್ತಿದ ಗೂಡು. ಸತ್ತ ಕೋಳಿಗಳನ್ನು ಸಾಲಾಗಿ ಮಲಗಿಸಿ, ಒಂದೊಂದರ ಕುತ್ತಿಗೆಯ ತುಪ್ಪುಳ ಸರಿಸಿ ನನ್ನನ್ನು ಬಗ್ಗಿಸಿ ತೋರಿಸಿದರು. ಗಾಯಗಳೆಲ್ಲ ಕುತ್ತಿಗೆಯಲ್ಲಿ, ಸಣ್ಣವು, ಹತ್ತಿರ ಹತ್ತಿರ. ನಾಯಿ ಕಚ್ಚಿದರೆ ಬೆನ್ನು, ಪಕ್ಕೆ ಮುರಿಯುತ್ತದೆ, ತುಪ್ಪುಳ ಅಂಗಳದ ತುಂಬ ಹಾರುತ್ತದೆ ಎಂದರು. ಆಮೇಲೆ ಆ ಮನೆಯ ಹೆಣ್ಣುಮಗಳನ್ನು ಮೆತ್ತಗೆ ಕೇಳಿದರು.

"ತಂಗಿ, ಬಾಗಲಾ ತಗದ ಮ್ಯಾಲ ನಾಯಿ ಬಂತೋ, ನಾಯಿ ಬಂದ ಮ್ಯಾಲ ಬಾಗಲಾ ತಗದಿಯೋ?"

ಆಕೆ ಗಂಡನ ಮುಖ ನೋಡಿದಳು. "ಬಾಗಲಾ ನಾನ ತಗದೆ. ಒಳಗ ಸತ್ತ ಬಿದ್ದಿದ್ವು. ಚೀರಿದೆ. ಆಮ್ಯಾಲ ಅದು ಓಡಿ ಬಂದು ಸತ್ತ ಕೋಳಿಗೆ ಬಾಯಿ ಹಚ್ಚಿತು."

ಆಕೆಯ ಗಂಡ, ಅಂದರೆ ಕೋಳಿಗಳ ಮಾಲೀಕ, ಬಿಡಲಿಲ್ಲ. "ಕಟಗಿ ಸರಿಸಿ ಮೊದಲ ಒಳಗ ಹೋಗಿರಬೇಕ್ರಿ. ನೀವು ಕಲಿಸಿದ ನಾಯಿ, ನೀವು ಬಿಟ್ಟು ಕೊಡ್ತೀರೇನು?"

"ಕೊಡ್ತೇನಿ ಕಾಕಾ" ಎಂದರು ಅವರು. "ಅದರದ್ದ ತಪ್ಪಾಗಿದ್ರ ನಾನ ಟಂಟಂ ತರ್ತೇನಿ. ಎರಡು ದಿನಾ ಕೊಡ್ರಿ."

ಊರಿನವರು ಎರಡು ದಿನ ಕೊಟ್ಟರು. ಅವರು ಮೋತ್ಯಾನನ್ನು ಮೋಪೆಡ್ಡಿನ ಕಾಲಿಡುವ ಜಾಗದಲ್ಲಿ ಕೂರಿಸಿಕೊಂಡು ಸಿಂದಗಿಗೆ ತಂದು ದವಾಖಾನೆಯ ಪಡಸಾಲೆಯ ಕಂಬಕ್ಕೆ ಕಟ್ಟಿದರು. "ಗಂಟು ನೋಡ್ಕೋರಿ. ನಾಳೆ ಯಾರರೆ ಬಿಚ್ಚಿ ಬಿಟ್ಟಿದ್ರು ಅಂದ್ರ ನೀವ ಸಾಕ್ಷಿ" ಎಂದು ನನಗೆ ಹೇಳಿದರು. ಹೊರಡುವ ಮೊದಲೇ ಹಳ್ಳಿಯಲ್ಲಿ ಕೋಳಿಗೂಡಿನ ಸುತ್ತ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿಸಿ, ಯಾರೂ ತುಳಿಯಕೂಡದೆಂದು ಹೇಳಿ ಬಂದಿದ್ದರು.

ಮೊದಲ ಬೆಳಿಗ್ಗೆ ನಾವಿಬ್ಬರೂ ಹೋದೆವು. ಬೂದಿ ಹರಡಿದ ಹಾಗೇ ಇತ್ತು. ಉಳಿದಿದ್ದ ಕೋಳಿಗಳೆಲ್ಲ ಕ್ಷೇಮ.

"ನೋಡ್ರಿ ಮತ್ತ" ಎಂದರು ಮಾಲೀಕರು, "ನಾಯಿ ಇಲ್ಲ, ಕೋಳಿ ಆರಾಮ ಅದಾವು. ಇನ್ನೇನ ಬೇಕ್ರಿ ಪುರಾವೆ?"

ಮೋತ್ಯಾನ ಒಡತಿ ದೂರದಲ್ಲಿ ನಿಂತಿದ್ದಳು, ಹತ್ತಿರ ಬರಲಿಲ್ಲ. ಅವರು ತಮ್ಮ ಲಸಿಕೆಯ ಪುಸ್ತಕದ ಕೊನೆಯ ಪುಟ ತೆರೆದು ಏನೋ ಬರೆದರು. ನಾನು ಇಣುಕಿ ನೋಡಿದೆ. 'ಮೊದಲ ದಿನ. ನಾಯಿ ಊರಲ್ಲಿಲ್ಲ. ಹೆಜ್ಜೆ ಇಲ್ಲ. ಕೋಳಿ ಸತ್ತಿಲ್ಲ.' ತಮ್ಮ ವಿರುದ್ಧ ಹೋಗುವ ಮೂರು ಸಂಗತಿಗಳನ್ನು ಮೂರು ವಾಕ್ಯದಲ್ಲಿ ಬರೆದಿದ್ದರು, ಒಂದು ವಿವರಣೆಯನ್ನೂ ಸೇರಿಸದೆ. ಸುದ್ದಿಮನೆಯಲ್ಲಿ ಇಷ್ಟು ವರ್ಷ ಕಳೆದ ಮೇಲೂ ನಾನು ಅಂಥ ಟಿಪ್ಪಣಿಯನ್ನು ಹೆಚ್ಚು ಕಂಡಿಲ್ಲ.

ವಾಪಸ್ ಬರುವಾಗ ದಾರಿಯಲ್ಲಿ ಕೇಳಿದೆ, "ನಿಮಗೇನ ಅನಸ್ತೈತ್ರಿ? ಮೋತ್ಯಾ ಕೊಂದಿರಬಹುದು?"

ಅವರು ಅದಕ್ಕೆ ಇಂಡಿ ಕಡೆಯ ಒಂದು ಲಿಂಬೆ ತೋಟದ ಕಥೆ ಹೇಳಿದರು. ಅಲ್ಲಿಯೂ ಅವರು ಪಾಠ ಮಾಡಿಸಿದ ನಾಯಿ. ತನ್ನ ಮನೆಯ ಕೋಳಿಯ ಮಧ್ಯೆ ಮಲಗುತ್ತಿತ್ತು, ಮರಿಗಳು ಅದರ ಬೆನ್ನ ಮೇಲೆ ಹತ್ತುತ್ತಿದ್ದವು. ಪಕ್ಕದ ತೋಟದವರು ದೂರು ತಂದಾಗ ಇವರು ನೋಡದೆಯೇ, "ನನ್ನ ನಾಯಿ ಹಂಗ ಮಾಡಂಗಿಲ್ಲ" ಎಂದು ಹತ್ತು ಜನರೆದುರು ಆಣೆ ಮಾಡಿದರು. ವಾರದಲ್ಲಿ ಅದೇ ನಾಯಿ ಪಕ್ಕದ ತೋಟದ ಕೋಳಿಯನ್ನು ಬಾಯಲ್ಲಿ ಹಿಡಿದುಕೊಂಡು ಇವರೆದುರೇ ಬಂತು. "ತನ್ನ ಮನಿ ಕೋಳಿ ಬ್ಯಾರೆ, ಮಂದಿ ಕೋಳಿ ಬ್ಯಾರೆ ಅದಕ್ಕ. ನನಗ ಗೊತ್ತಿರಲಿಲ್ಲ. ಆ ತ್ವಾಟದವರ ಮನಿಗೆ ಹೋಗಿ ತಪ್ಪಾತು ಅಂದು ಬಂದೆ. ಅವತ್ತಿಂದ ನೋಡೂ ಮೊದಲ ಮಾತಾಡೂದು ಬಿಟ್ಟೇನ್ರಿ."

ಹಾಗಾದರೆ ಮೋತ್ಯಾ ಉಳಿಯುವ ಖಾತ್ರಿ ಅವರಿಗೂ ಇರಲಿಲ್ಲ. ದವಾಖಾನೆಗೆ ಬಂದಾಗ ಮೋತ್ಯಾ ಬಾಲ ಅಲ್ಲಾಡಿಸಿತು. ಅವರು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಅದರ ಮೂಗಿನ ಮೇಲಿನ ಬಿಳಿ ಕಲೆಯನ್ನು ಹೆಬ್ಬೆರಳಿನಿಂದ ಒರೆಸಿದರು.

ಎರಡನೆಯ ಬೆಳಿಗ್ಗೆ ನಾವು ಹಳ್ಳಿ ತಲುಪುವಷ್ಟರಲ್ಲಿ ಗೂಡಿನ ಮುಂದೆ ಜನ ನಿಂತಿದ್ದರು. ಮತ್ತೊಂದು ಹೇಟೆ ಸತ್ತಿತ್ತು. ಬಾಗಿಲಿನ ತಂತಿ ಬಿಗಿದ ಹಾಗೆಯೇ ಇತ್ತು. ಬೂದಿಯ ಮೇಲೆ ಹೆಜ್ಜೆಗಳಿದ್ದವು.

ಅವರು ಎಲ್ಲರನ್ನೂ ಹಿಂದೆ ಸರಿಸಿ ನನ್ನನ್ನು ಕರೆದರು. "ನಿಮ್ಮ ಹೆಬ್ಬಟ್ಟು ಬಾಜೂಕ ಇಡ್ರಿ. ಅದಕ್ಕಿಂತ ಎಷ್ಟು ದೊಡ್ಡದೈತಿ? ಬೆರಳ ಎಣಿಸ್ರಿ. ಐದು. ನಾಯಿದು ನಾಕ ಮೂಡ್ತಾವು. ಮುಂದ ಚುಕ್ಕಿ ಅದಾವಲ್ಲ, ಅವು ಉಗುರು. ಬೆಕ್ಕು ಉಗುರು ಒಳಗ ಇಟ್ಕೊಂಡು ನಡೀತೈತಿ. ಅಂದ್ರ ಬೆಕ್ಕೂ ಅಲ್ಲ. ಇದು ಮುಂಗಸಿ. ನಸಿಕಿನ್ಯಾಗ, ನೀವು ಬಾಗಲಾ ತಗಿಯೂ ಮುಂಚೆ ಬಂದು ಹೋಗೈತಿ."

ಹೆಜ್ಜೆಗಳು ಗೂಡಿನ ಬುಡದಲ್ಲಿ ಮಣ್ಣು ಉದುರಿದ್ದ ಒಂದು ಗೇಣಿಗಿಂತ ಕಿರಿದಾದ ಸಂದಿಯಿಂದ ಹೊರಟು ನೇರವಾಗಿ ತೊಗರಿ ಕಟ್ಟಿಗೆಯ ಬಣವೆಯ ಒಳಗೆ ಹೋಗಿದ್ದವು. ಆ ಬಣವೆ ಕೋಳಿ ಕಳೆದುಕೊಂಡವರದೇ. ಒಲೆಗೆಂದು ಗೂಡಿಗೆ ಒತ್ತಿ ಒಟ್ಟಿದ್ದರು.

ಗುಂಪಿನಲ್ಲಿ ಯಾರೋ, "ಕಾಕಾ, ನಿಮ್ಮ ಮನ್ಯಾಗ ಬಾಡಗಿಗೆ ಇಟ್ಟೀರಲ್ರಿ!" ಎಂದರು. ಎಲ್ಲರೂ ನಕ್ಕರು. ಇನ್‌ಸ್ಪೆಕ್ಟರ್ ಮಾತ್ರ ನಗಲಿಲ್ಲ. ಸತ್ತ ಹೇಟೆಯನ್ನು ಎತ್ತಿ ರೆಕ್ಕೆ ಮಡಿಸಿ, "ಸಾಕ್ಷಿ ಹೇಳಾಕ ಒಂದು ಜೀವ ಹೋತು" ಎಂದು ಮಾಲೀಕರ ಕೈಗೆ ಕೊಟ್ಟರು. ಬಣವೆ ದೂರ ಸರಿಸಿ, ಸಂದಿಗೆ ಕಲ್ಲು ಕೊಟ್ಟು ಮಣ್ಣು ಮೆತ್ತಿ ಎಂದರು. ಮುಂಗುಸಿಯನ್ನು ಹೊಡೆಯಲು ಬಡಿಗೆ ತಂದವರಿಗೆ, "ಅದರ ಹೊಟ್ಟಿ ಪಾಡು ಅದಕ್ಕ. ದಾರಿ ಕೊಟ್ಟಾವ್ರು ನೀವು" ಎಂದರು.

ಅಂದು ಸಂಜೆಯೇ ಮೋತ್ಯಾ ಮೋಪೆಡ್ಡಿನ ಮೇಲೆ ಊರಿಗೆ ಮರಳಿತು. ಒಡತಿ ನಾಯಿಯನ್ನು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. "ಎಲ್ಲಿ ಸತ್ತಿದ್ದೀಯೋ ಎರಡು ದಿನಾ, ಹಾಟ್ಯಾ? ಕೋಳಿ ಯಾರ ಕಾಯಬೇಕು?" ಎಂದು ಬೈದು ರೊಟ್ಟಿ ಹಾಕಿದಳು.

ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು. ಅವರ ಮಟ್ಟಿಗೆ ಮುಗಿದಿರಲಿಲ್ಲ. ಮರುದಿನ ರಜೆ ಹಾಕಿ, ನನ್ನನ್ನೂ ಕರೆದುಕೊಂಡು, ವಿಜಯಪುರದಲ್ಲಿದ್ದ ನಮ್ಮ ಕಚೇರಿಗೆ ಬಂದರು. ನಮ್ಮ ಮುಖ್ಯಸ್ಥರಿಗೆ ತಿದ್ದುಪಡಿ ಬೇಕೆಂದರು.

"ನಾಯಿಗೆ ತಿದ್ದುಪಡಿ ಹಾಕಬೇಕೇನ್ರಿ?" ಮುಖ್ಯಸ್ಥರು ಕನ್ನಡಕ ತೆಗೆದರು. "ನಾಳೆ ಎಮ್ಮಿಗೂ ಕೇಳ್ತಾರ."

"ಎಮ್ಮಿ ಬಗ್ಗೆ ಸುಳ್ಳು ಬರದ್ರ ಎಮ್ಮಿಗೂ ಹಾಕ್ರಿ."

"ಆತು, 'ಕೋಳಿ ಸಾವಿಗೆ ನಾಯಿ ಕಾರಣವಲ್ಲ' ಅಂತ ಒಂದು ಸಾಲು ಹಾಕ್ತೇವಿ."

"ಯಾವ ನಾಯಿ ಅಂತ ಬರಬೇಕಲ್ಲರಿ? ಆ ಊರಾಗ ನಾಯಿ ಒಂದೇ ಏನು? ಊರಿನ ಹೆಸರು ಹಾಕಿದ್ರಿ, ಅದರ ಹೆಸರೂ ಹಾಕ್ರಿ."

"ನಿಮ್ಮ ಹೆಸರು ಹಾಕೂಣೇನು? ಪತ್ತೆ ಹಚ್ಚಿದವರು ನೀವು."

"ನನ್ನ ಬಗ್ಗೆ ನೀವೇನೂ ತಪ್ಪು ಬರದಿಲ್ಲಲ್ಲ" ಎಂದು ಬಸಿಯಲ್ಲಿ ಚಹಾ ಹಾಕಿಕೊಂಡು, ಅದು ಆರಲೆಂದು ಕಾಯುತ್ತ ಕೂತರು. ಚಹಾ ಆರುವುದರೊಳಗೆ ಮುಖ್ಯಸ್ಥರು ಒಪ್ಪಿದರು. ನನ್ನ ಕೈಯಿಂದಲೇ ಬರೆಸಿದರು: '...ಗ್ರಾಮದಲ್ಲಿ ಕೋಳಿಗಳ ಸಾವಿಗೆ ಸಾಕುನಾಯಿ ಕಾರಣ ಎಂದು ಪ್ರಕಟವಾಗಿತ್ತು. ಕಾರಣ ಮುಂಗುಸಿ. ನಾಯಿ ಮೋತ್ಯಾ ಇದರಲ್ಲಿ ಭಾಗಿಯಾಗಿಲ್ಲ. ತಪ್ಪಿಗೆ ವಿಷಾದಿಸುತ್ತೇವೆ.'

ಆಮೇಲೆ ನಾನು ಮುಖಪುಟಕ್ಕೆ ಬರೆದೆ, ಹೆಸರು ಹಾಕಿಸಿಕೊಂಡು ಬರೆದೆ, ಪ್ರಶಸ್ತಿ ಫಲಕಗಳನ್ನೂ ಪಡೆದೆ. ನೀನು ಬರೆದದ್ದರಲ್ಲಿ ಯಾವುದು ಹೆಮ್ಮೆಯದು ಎಂದು ಯಾರಾದರೂ ಕೇಳಿದರೆ ನಾನು ಈ ನಾಲ್ಕು ವಾಕ್ಯಗಳನ್ನು ಹೇಳುತ್ತೇನೆ. ಅವುಗಳಲ್ಲಿ ನನ್ನ ಹೆಸರಿಲ್ಲ, ಅವರ ಹೆಸರೂ ಇಲ್ಲ. ಒಂದು ತಪ್ಪು, ಅದರ ಸರಿ, ಯಾರಿಗೆ ಅನ್ಯಾಯವಾಗಿತ್ತೋ ಅವರ ಹೆಸರು ಇವೆ. ಅಷ್ಟಿದ್ದರೆ ಸಾಕೆಂದು ನನಗೆ ಕಲಿಸಿದವರು ಸಂಪಾದಕರಲ್ಲ, ಒಬ್ಬ ಪಶು ಪರೀಕ್ಷಕರು.

ನಿಧನ ವಾರ್ತೆ ಪ್ರಕಟವಾದ ಮೇಲೆ ಒಂದು ಭಾನುವಾರ ಆ ಹಳ್ಳಿಗೆ ಹೋದೆ. ಒಡತಿಯ ಮನೆಯ ಗೋಡೆಯಲ್ಲಿ, ದೇವರ ಪಟದ ಪಕ್ಕ, ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿದ ತಿದ್ದುಪಡಿ ಇನ್ನೂ ಇದೆ. ಮೋತ್ಯಾ ಈಗಿಲ್ಲ, ವಯಸ್ಸಾಗಿ ಅದೇ ಅಂಗಳದಲ್ಲಿ ಸತ್ತಿತಂತೆ. "ಅದರ ಮೊಮ್ಮಗ ಬಾಜೂ ಮನ್ಯಾಗ ಅದಾನ್ರಿ, ನೋಡ್ಹೋಗ್ರಿ" ಎಂದಳು.

ಪಕ್ಕದ ಮನೆ ಎಂದರೆ ಅಂದು ದೂರು ಕೊಟ್ಟವರ ಮನೆ. ಅವರು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಎದುರಿಗೆ ಬೋರಲು ಬಿದ್ದ ಬುಟ್ಟಿ, ಅದರ ಸಂದಿಯಲ್ಲಿ ಕೆಂಪು ಹೇಟೆಯ ಕಣ್ಣು, ಅದರ ಹೊಟ್ಟೆಯಡಿ ಮರಿಗಳ ಚಿಂವ್ ಚಿಂವ್. ಒಂದು ಮೊಳ ದೂರದಲ್ಲಿ ಹಗ್ಗ ಕಟ್ಟಿದ ಕರಿ ನಾಯಿಮರಿ.

"ಬರ್ರಿ ಪೇಪರಿನವ್ರ. ಚಲೋ ಹೊತ್ತಿಗೆ ಬಂದ್ರಿ. ಇವತ್ತ ಮೂರ್ನೇ ದಿನಾ, ಈಗ ಬುಟ್ಟಿ ತಗಿಯೂದು." ಬುಟ್ಟಿಯ ಮೇಲೆ ಕೈಯಿಟ್ಟು ಕೇಳಿದರು, "ಡಾಕ್ಟರ್ ಹೋದ್ರಂತಲ್ಲ?" ಮತ್ತೆ ತಾವೇ ತಿದ್ದಿಕೊಂಡರು, "ಡಾಕ್ಟರ್ ಅಲ್ಲ, ಇನ್‌ಸ್ಪೆಕ್ಟರ್."

"ಹೌದ್ರಿ, ಹೋದ್ರು."

"ಇದನ್ನ ಪೇಪರಿನ್ಯಾಗ ಹಾಕ್ತೀರೇನು?"

"ನೋಡಿದ ಮ್ಯಾಲ ಹಾಕ್ತೇನ್ರಿ."

ನಾನೂ ಅವರ ಪಕ್ಕ ಕೂತೆ. ಅವರು ನಾಯಿಮರಿಯ ಹಗ್ಗ ಬಿಚ್ಚಿ, ಬುಟ್ಟಿ ಎತ್ತಿದರು. ನಾಯಿಮರಿ ಬಾಲ ಅಲ್ಲಾಡಿಸುತ್ತ ಮರಿಗಳತ್ತ ಎರಡು ಹೆಜ್ಜೆ ಇಟ್ಟಿತು. ಕೆಂಪು ಹೇಟೆ ರೆಕ್ಕೆ ಬಿಚ್ಚಿ ಹಾರಿ ಬಂತು. ಕುಂಯ್ ಎಂದು ನಾಯಿಮರಿ ಓಡಿ ಬಂದು ನನ್ನ ಕಾಲಸಂದಿಯಲ್ಲಿ ಅವಿತುಕೊಂಡಿತು. ನಾವಿಬ್ಬರೂ ನಡುವೆ ಹೋಗಲಿಲ್ಲ. ಅದರ ಮೂಗನ್ನು ಎತ್ತಿ ನೋಡಿದೆ. ಜೋಳದ ಕಾಳಿನಷ್ಟು ಗಾಯ, ಒಂದು ಹನಿ ರಕ್ತ.

ನೋಡಿದ್ದೇನೆ. ಅದಕ್ಕೇ ಬರೆದಿದ್ದೇನೆ.